ದೇವರ ಮನೆಯಲ್ಲಿಟ್ಟ ಗಮ್ಮಿ ಡಬ್ಬಿ

ನನ್ನ ಕಾಲಲ್ಲಿ ಚಪ್ಪಲಿ ಇಲ್ಲ ಅಂತ ನನಗೆ ಹೇಳಿದ್ದು ಭದ್ರಾವತಿಯಲ್ಲಿ ರಸ್ತೆ ಬದಿ ಕಲ್ಲಂಗಡಿ ಹೆಚ್ಚಿಡುವ ಹೆಂಗಸು. ಶಿವರಾತ್ರಿ ಕಳೆದು ವಾರವಾಗಿತ್ತು. ಮಧ್ಯಾಹ್ನ ಎರಡೂವರೆಯ ಬಿಸಿಲಲ್ಲಿ ಬಸ್ಸಿಳಿದು ಕಾಗದನಗರದ ಕಡೆ ನಡೆಯುತ್ತಿದ್ದೆ. "ಅಯ್ಯೋ ಅಕ್ಕಾ, ಒಂದು ಕಾಲು ಬರಿಗಾಲು! ಟಾರು ಹೆಂಗೆ ಸುಡ್ತೈತೆ, ಗೊತ್ತಾಗ್ತಿಲ್ವಾ?" ಅಂತ ಅವಳು ಕೂಗಿದಾಗ ಬಗ್ಗಿ ನೋಡಿದೆ. ಎಡಗಾಲಿನ ಚಪ್ಪಲಿ ಇರಲಿಲ್ಲ, ಬಸ್ಸಿನಲ್ಲೇ ಕಳಚಿರಬೇಕು. "ಗೊತ್ತು ಕಣಮ್ಮ, ಕಿತ್ತೋಯ್ತು, ಅದಕ್ಕೇ ಹಿಂಗೆ ಬಂದೆ" ಅಂದೆ. ಅದು ಸುಳ್ಳು. ದೊಡ್ಡಮ್ಮನ ಮನೆ ಮುಟ್ಟಿ ಕಾಲು ತೊಳೆಯುವಾಗ ಅಂಗಾಲಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಮುಟ್ಟಿದರೂ ನೋವಿರಲಿಲ್ಲ.

ಆ ಸುಳ್ಳು ಯಾಕೆ ಹೇಳಿದೆ ಅಂತ ಈಗಲೂ ಯೋಚಿಸುತ್ತೇನೆ. ಮತ್ತೆ ಎಂದೂ ನೋಡದ ಹೆಂಗಸಿನ ಹತ್ತಿರವೂ ನಾನು ಚೆನ್ನಾಗಿಯೇ ಇದ್ದೇನೆ ಅಂತ ತೋರಿಸಿಕೊಳ್ಳಬೇಕಿತ್ತು. ಕಾಯಿಲೆಗಿಂತ ಮೊದಲೇ ನನಗಿದ್ದ ಚಟ ಅದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದೆಲ್ಲ ಅದರಿಂದಲೇ ಆದದ್ದು.

ನಾನು ಶಿವಮೊಗ್ಗದ ಆಲ್ಕೊಳದಲ್ಲಿರುವವಳು. ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕೆಲಸ. ವಯಸ್ಸು ನಲವತ್ತಾರು. ಅಮ್ಮ ಬೇಗ ತೀರಿಹೋದದ್ದರಿಂದ ನನ್ನನ್ನು ಸಾಕಿದವಳು ದೊಡ್ಡಮ್ಮ, ಅಮ್ಮನ ಅಕ್ಕ. ದೊಡ್ಡಪ್ಪ ಕಾಗದದ ಮಿಲ್ಲಿನಲ್ಲಿದ್ದರು, ನಾನು ಬೆಳೆದದ್ದೂ ಅದೇ ಕಾಗದನಗರದಲ್ಲಿ. ಈಗ ಮಹಡಿಯ ಮೇಲೆ ಅವಳ ಮಗ, ಸೊಸೆ ಇದ್ದಾರೆ. ದೊಡ್ಡಮ್ಮ ಕೆಳಗಿನ ಮನೆಯಲ್ಲಿ ಚಟ್ನಿಪುಡಿ ಕುಟ್ಟಿ, ರೊಟ್ಟಿ ತಟ್ಟಿ ಮಾರಿಕೊಂಡು, ಯಾರಿಗೂ ತಲೆಬಾಗದೆ ಇದ್ದಾಳೆ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ನಾನು ಅವಳ ಹತ್ತಿರ ಹೋಗಿ, ಭಾನುವಾರ ಸಂಜೆ ವಾಪಸು ಬರುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ.

ಬೊಬ್ಬೆ ನೋಡಿದ ದೊಡ್ಡಮ್ಮ ಬೈಯಲಿಲ್ಲ. ಪಕ್ಕದಲ್ಲಿ ಕೂತು, "ಯಾವಾಗಿಂದ ಹಿಂಗೆ?" ಅಂತ ಮಾತ್ರ ಕೇಳಿದಳು. ಆಗ ಬಾಯಿಬಿಟ್ಟೆ. ಆರು ತಿಂಗಳಿಂದ ಪಾದಕ್ಕೆ ಹತ್ತಿ ಸುತ್ತಿದ ಹಾಗೆ ಆಗುತ್ತಿತ್ತು. ನಾಲಿಗೆ ಕೆಂಪಗಾಗಿ ಖಾರ ತಾಗಿದರೆ ಉರಿ. ಕಾಲೇಜಿನಲ್ಲಿ ದಿನವೂ ನೋಡುವ ಮಕ್ಕಳ ಹೆಸರೇ ನೆನಪಿಗೆ ಬರದೆ, "ಏನಪ್ಪಾ, ಹೇಳು" ಅಂತ ದಾಟಿಸುತ್ತಿದ್ದೆ. ಮೆಟ್ಟಿಲಿಳಿಯುವಾಗ ಕಾಲು ಎಲ್ಲಿಟ್ಟೆ ಅಂತ ಕಣ್ಣಲ್ಲಿ ನೋಡಿಯೇ ತಿಳಿಯಬೇಕಿತ್ತು. ಮನೆಯಲ್ಲಿ ಗಂಡನಿಗೂ ಹೇಳಿರಲಿಲ್ಲ.

ಶಿವಮೊಗ್ಗದ ನರದ ಡಾಕ್ಟರ ಹತ್ತಿರ ಬೆಳಗ್ಗೆ ಚೀಟಿ ಬರೆಸಿದರೆ ಮಧ್ಯಾಹ್ನ ಕರೆಯುತ್ತಾರೆ. ಪಕ್ಕದ ಕುರ್ಚಿಯಲ್ಲಿ ಹೊಳಲೂರಿನ ಒಬ್ಬ ಹೆಂಗಸು ಕೂತಿದ್ದಳು. ಕೇಳದಿದ್ದರೂ ತನ್ನ ಕಥೆ ಹೇಳಿ, ನನ್ನ ಕಾಲು ನೋಡಿ, "ನೆಲ ಮೆತ್ತಗೆ ಅನ್ಸುತ್ತಾ ನಿಮಗೆ? ನಂಗೂ ಹಂಗೇ ಇತ್ತು ಮಾರಾಯ್ತಿ. ನಾನು ಹುಚ್ಚು ಹಿಡೀತು ಅಂತ ಅಂದ್ಕೊಂಡಿದ್ದೆ" ಅಂದಳು. ಅಷ್ಟು ಕೇಳಿದ್ದೇ ಕಣ್ಣಲ್ಲಿ ನೀರು ಬಂತು. ನನಗೊಬ್ಬಳಿಗೇ ಅಲ್ಲ ಅನ್ನುವ ಸಮಾಧಾನ ಎಷ್ಟು ದೊಡ್ಡದು ಅಂತ ಅವತ್ತು ತಿಳಿಯಿತು. ಇದನ್ನು ಬರೆಯುತ್ತಿರುವುದಕ್ಕೂ ಅದೇ ಕಾರಣ.

ಒಳಗೆ ಡಾಕ್ಟರು ಕಣ್ಣು ಮುಚ್ಚಿಸಿ, ಕಾಲ ಹೆಬ್ಬೆರಳ ಮೇಲೆ ಒಂದು ಕಬ್ಬಿಣದ ಕವಲು ಇಟ್ಟರು. ಅದನ್ನು ಬಡಿದರೆ ನಡುಗುತ್ತದಂತೆ. "ನಡುಗೋದು ಗೊತ್ತಾಗ್ತಿದೆಯಾ?" ಅಂದರು. ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಪರೀಕ್ಷೆಯಲ್ಲಿ ಫೇಲಾಗುವ ಭಯ ನನಗೆ. "ಗೊತ್ತಾಗ್ತಿದೆ ಸರ್" ಅಂದೆ. ಅವರು ಕಣ್ಣು ತೆರೆಯಲು ಹೇಳಿ, ಕೈಯಲ್ಲಿದ್ದ ಕವಲು ತೋರಿಸಿದರು. "ಇದನ್ನ ನಾನು ಬಡಿದೇ ಇಲ್ಲಮ್ಮ. ನನ್ನ ಹತ್ರ ಸುಳ್ಳು ಹೇಳಿದ್ರೆ ನಷ್ಟ ನನಗಲ್ಲ." ಪಕ್ಕದಲ್ಲಿ ನಿಂತಿದ್ದ ನರ್ಸು ಮುಖ ಆ ಕಡೆ ತಿರುಗಿಸಿದಳು.

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ-ಹನ್ನೆರಡು ಬಹಳ ಕಡಿಮೆ ಅಂತ ಬಂತು. ನರಗಳಿಗೆ ಪೆಟ್ಟು ಬಿದ್ದಿದೆ, ಬೇಗ ಶುರು ಮಾಡಿದರೆ ಬಹುಪಾಲು ವಾಪಸು ಬರುತ್ತೆ, ಅಂದರು. "ಮೊಟ್ಟೆ ತಿಂತೀರಾ?" ಅಂತ ಕೇಳಿದರು. ಅದುವರೆಗೆ ಕುಗ್ಗಿ ಕೂತಿದ್ದವಳು ಆ ಒಂದು ಪ್ರಶ್ನೆಗೆ ನೆಟ್ಟಗಾದೆ. "ಇಲ್ಲ ಸರ್, ನಾವು ಲಿಂಗಾಯಿತರು. ನಮ್ಮ ದೊಡ್ಡಮ್ಮ ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟಲ್ಲ." ಆ ದನಿಯಲ್ಲಿದ್ದ ಜಂಬ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಮೊದಲು ಇಂಜೆಕ್ಷನ್ನುಗಳು. ಆಮೇಲೆ ತಿಂಗಳಿಗೊಂದು ಇಂಜೆಕ್ಷನ್, ದಿನಕ್ಕೊಂದು ಮಾತ್ರೆ. ನನಗೋ ಮಾತ್ರೆ ನುಂಗಲು ಬಾರದು. ಹುಟ್ಟಿದಾಗಿನಿಂದ ಬಂದಿಲ್ಲ. ಎರಡು ಚಮಚದ ನಡುವೆ ಪುಡಿ ಮಾಡಿ ಬೆಲ್ಲದಲ್ಲಿ ಕಲಸಿ ತಿನ್ನುವವಳು, ಅದನ್ನೂ ಯಾರಿಗೂ ಕಾಣದ ಹಾಗೆ. ನಾಲಿಗೆಯ ಹುಣ್ಣಿಗೆ ಆ ಪುಡಿ ತಾಗಿದರೆ ಜೀವ ಹೋಗುತ್ತಿತ್ತು. ನಮ್ಮನೆಯವರು ಫೋನಿನಲ್ಲಿ ಹುಡುಕಿ ಗಮ್ಮಿ ತರಿಸಿದರು. ಕೆಂಪಗೆ, ಮೇಲೆ ಸಕ್ಕರೆ ಉದುರಿಸಿದ, ಅಗಿದು ತಿನ್ನುವ ಮಿಠಾಯಿಯಂಥದ್ದು. ಡಾಕ್ಟರಿಗೆ ತೋರಿಸಿದೆ. "ಇಂಜೆಕ್ಷನ್ ತಪ್ಪಿಸಬೇಡಿ, ಜೊತೆಗೆ ಇದಿದ್ರೆ ಇರಲಿ" ಅಂದರು.

ಆ ಡಬ್ಬಿ ಹೊರದೇಶದ್ದು. ಬಿಸ್ಕತ್ತಿನ ಪೊಟ್ಟಣ ಕೊಂಡರೂ ತಿರುಗಿಸಿ ಹಸಿರು ಚುಕ್ಕೆ ಹುಡುಕುವವಳು ನಾನು. ಗಮ್ಮಿ ಡಬ್ಬಿಯನ್ನು ತಿರುಗಿಸಲೇ ಇಲ್ಲ. ನನ್ನ ತಲೆಯಲ್ಲಿ ಅದು ಔಷಧಿ. ಔಷಧಿಗೆ ಎಂಥ ಚುಕ್ಕೆ?

ಬೇಸಿಗೆ ಏರಿದ ಮೇಲೆ ಆ ಡಬ್ಬಿ ಹೊತ್ತು ತಿರುಗುವುದೇ ಒಂದು ಕೆಲಸವಾಯಿತು. ಮೊದಲ ಶನಿವಾರ ವ್ಯಾನಿಟಿ ಬ್ಯಾಗಿನ ಹೊರಜೇಬಿನಲ್ಲಿಟ್ಟು ಬಿಸಿಲು ಬೀಳುವ ಕಿಟಕಿ ಪಕ್ಕ ಕೂತೆ. ಭದ್ರಾವತಿ ಮುಟ್ಟುವಷ್ಟರಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮರುವಾರ ಜಾಣತನ ಮಾಡಿ ಊಟದ ಬ್ಯಾಗಿನಲ್ಲಿ ಐಸ್ ಹಾಕಿ ಇಟ್ಟೆ. ಮುಚ್ಚಳದೊಳಗೆ ನೀರಿಳಿದು ಗಮ್ಮಿಗಳ ಸಕ್ಕರೆಯೆಲ್ಲ ಲೋಳೆಯಾಯಿತು. ಕಡೆಗೆ ಕಲಿತದ್ದು ಇಷ್ಟು: ಎರಡು ದಿನಕ್ಕೆ ಬೇಕಾದಷ್ಟು ಮಾತ್ರ ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿಕೊಳ್ಳಬೇಕು, ಬಟ್ಟೆಗಳ ನಡುವೆ ಸುತ್ತಿ ಬ್ಯಾಗಿನ ಹೊಟ್ಟೆಯಲ್ಲಿಡಬೇಕು, ಬ್ಯಾಗು ತೊಡೆಯ ಮೇಲಿರಬೇಕು, ತಂಪಾಗಿರಬೇಕು ಆದರೆ ಒದ್ದೆ ತಾಗಬಾರದು. ಇದನ್ನು ಕಲಿಯಲು ಒಂದು ಡಬ್ಬಿ ಹಾಳು ಮಾಡಿದೆ.

ದೊಡ್ಡಮ್ಮ ನನ್ನ ಈ ಸರ್ಕಸ್ಸು ನೋಡಿ ನಕ್ಕಳು. "ಹೊತ್ಕೊಂಡು ತಿರುಗೋದ್ಯಾಕೆ? ಒಂದು ಡಬ್ಬಿ ಇಲ್ಲೇ ಇಡು." ಅವಳ ಫ್ರಿಜ್ಜು ಕೆಟ್ಟು ಎಷ್ಟೋ ಕಾಲವಾಗಿ, ಅದರೊಳಗೆ ಹಿಟ್ಟಿನ ಡಬ್ಬಿಗಳು ಕೂತಿದ್ದವು. ಮನೆಯಲ್ಲಿ ತಂಪಾದ ಜಾಗ ಅಂದರೆ ದೇವರ ಮನೆ. ಕಿಟಕಿಯಿಲ್ಲದ ಮೂಲೆಯ ಕೋಣೆ, ಬಿಸಿಲೇ ತಾಗದ ಗೋಡೆ. "ಅಲ್ಲಿ ಬೆಲ್ಲ ಕೂಡ ಬೆವರಲ್ಲ" ಅಂತ ಹೇಳಿ, ತಾನೇ ಡಬ್ಬಿಯನ್ನು ಒಯ್ದು ವಿಭೂತಿ ಗಟ್ಟಿಯ ಪಕ್ಕ ಇಟ್ಟಳು.

ಅವಳಿಗೂ ಕಾಲು ಜೋಮು ಹಿಡಿಯುತ್ತಿತ್ತು. ಬಲವಂತ ಮಾಡಿ ರಕ್ತ ಪರೀಕ್ಷೆ ಮಾಡಿಸಿದೆ, ಅವಳದ್ದೂ ಕಡಿಮೆಯೇ. ಸೂಜಿ ಅಂದರೆ ಆಗದು. "ಇದನ್ನಾದ್ರೂ ತಿನ್ನು ದೊಡ್ಡಮ್ಮ, ಸಿಹಿಯಾಗಿರುತ್ತೆ" ಅಂತ ಗಮ್ಮಿ ಕೊಟ್ಟವಳು ನಾನೇ. ಬಾಯಿಗೆ ಹಾಕಿಕೊಂಡು ಕಣ್ಣರಳಿಸಿ, "ಇದು ಔಷಧಿನಾ? ಹಿಂಗಿದ್ರೆ ಯಾರ್ ಬೇಕಾದ್ರೂ ಕಾಯಿಲೆ ಬೀಳ್ತಾರೆ!" ಅಂದಳು. ಅವತ್ತಿನಿಂದ ದಿನಕ್ಕೊಂದು. ಏನದು, ಎಲ್ಲಿಯದು ಅಂತ ಕೇಳಲಿಲ್ಲ.

ಮೇ ತಿಂಗಳಲ್ಲಿ ಮತ್ತೊಂದು ಡಬ್ಬಿ ಒಯ್ಯುತ್ತಿದ್ದೆ. ಬಸ್ಸು ತುಂಬಿತ್ತು. ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ ಬ್ಯಾಗಿಟ್ಟು ನಿಂತೆ, ಕಲಿತದ್ದೆಲ್ಲ ಮರೆತು. ಇಳಿದು ನೋಡಿದರೆ ಇಡೀ ಡಬ್ಬಿ ಒಂದೇ ಕೆಂಪು ಮುದ್ದೆ. ಸೋಮವಾರ ಆ ಮುದ್ದೆಯನ್ನು ನಮ್ಮ ಬೀದಿಯ ಮೆಡಿಕಲ್ ಶಾಪಿಗೆ ಒಯ್ದು, ಇದನ್ನು ಚಾಕುವಿನಲ್ಲಿ ಪಾಲು ಮಾಡಿ ತಿನ್ನಬಹುದಾ ಅಂತ ಕೇಳಿದೆ. ಅಂಗಡಿಯ ಹುಡುಗಿ ಓದಿದವಳು. "ಬೇಡ ಮೇಡಂ, ಯಾವ ತುಂಡಲ್ಲಿ ಎಷ್ಟಿದೆ ಗೊತ್ತಾಗಲ್ಲ, ಎಸೆದುಬಿಡಿ" ಅಂದಳು. ಆಮೇಲೆ ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿದಳು. "ಇದು ಜೆಲಾಟಿನ್‌ದು, ಅದಕ್ಕೇ ಇಷ್ಟು ಕರಗಿದೆ. ಹಣ್ಣಿನ ಪೆಕ್ಟಿನ್ ಹಾಕಿದ್ದು ಸಿಗುತ್ತೆ, ಅದು ಬಿಸಿಗೆ ಹಿಂಗಾಗಲ್ಲ."

"ಜೆಲಾಟಿನ್ ಅಂದ್ರೆ ಎಂತದು?"

ಅವಳು ನನ್ನ ಹಣೆಯ ವಿಭೂತಿ ನೋಡಿದಳು. "ಮೇಡಂ... ಅದು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆಯೋದು. ನೀವು ತಿನ್ನಲ್ವಾ?"

"ಗೊತ್ತಿತ್ತು, ಸುಮ್ನೆ ಕೇಳಿದೆ" ಅಂದೆ.

ಮನೆಗೆ ಬಂದು ಬಾಯಿಗೆ ಬೆರಳು ಹಾಕಿ ತೊಳೆದೆ. ತಿಂಗಳುಗಟ್ಟಲೆ ತಿಂದದ್ದು ತೊಳೆದರೆ ಹೋಗುತ್ತದೆಯೇ? ನಮ್ಮನೆಯವರಿಗೆ ಹೇಳಿದೆ. "ಮಾತ್ರೆ ಕ್ಯಾಪ್ಸೂಲೂ ಅದರಲ್ಲೇ ಮಾಡೋದು ಕಣೇ. ಔಷಧಿಗೆಲ್ಲ ಹಂಗೆ ನೋಡ್ತಾರಾ? ದೊಡ್ಡಮ್ಮನಿಗೆ ಹೇಳಿ ಸಂಕಟ ಮಾಡಬೇಡ" ಅಂದರು. ಆ ಮಾತು ನನಗೆ ಬೇಕಾಗಿತ್ತು, ಹಿಡಿದುಕೊಂಡೆ. ಪೆಕ್ಟಿನ್‌ದು, ಹಸಿರು ಚುಕ್ಕೆ ಇರುವುದು ತರಿಸುವುದು. ಅದು ಬಂದ ಮೇಲೆ ಸದ್ದಿಲ್ಲದೆ ಬದಲಾಯಿಸುವುದು. ಹೇಳುವ ಅಗತ್ಯವೇ ಬರುವುದಿಲ್ಲ.

ಫೋನಿತ್ತು. ದೊಡ್ಡಮ್ಮನೊಂದಿಗೆ ದಿನವೂ ಮಾತಾಡುತ್ತಿದ್ದೆ. "ಅದನ್ನ ತಿನ್ಬೇಡ" ಅನ್ನುವ ಒಂದು ಮಾತು ಸಾಕಿತ್ತು. ಅವಳ ಕಾಲು ಸುಧಾರಿಸುತ್ತಿದೆ, ನಿಲ್ಲಿಸಿದರೆ ಮತ್ತೆ ಜೋಮು ಬರುತ್ತೆ ಅಂತ ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜ ಏನೆಂದರೆ, ನನ್ನ ಮರ್ಯಾದೆ ಹೋಗುತ್ತದೆ ಅಂತ ಹೆದರಿದ್ದೆ.

ಆ ವಾರದ ಭಾನುವಾರ ಬೆಳಗ್ಗೆ ನೋಡಬಾರದ್ದನ್ನು ನೋಡಿದೆ. ದೊಡ್ಡಮ್ಮ ಸ್ನಾನ ಮಾಡಿ ಪೂಜೆಗೆ ಕೂತಿದ್ದಳು. ಎಡ ಅಂಗೈಯಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಲಿಂಗಕ್ಕೆ ತೋರಿಸದೆ ಅವಳು ನೀರನ್ನೂ ಕುಡಿಯುವವಳಲ್ಲ. ಪೂಜೆ ಮುಗಿದು ಹಾಲಿನ ಲೋಟ ತೋರಿಸಿದಳು. ಆಮೇಲೆ ಡಬ್ಬಿ ತೆರೆದು, ಒಂದು ಕೆಂಪು ಗಮ್ಮಿಯನ್ನು ಎರಡು ಬೆರಳಲ್ಲಿ ಹಿಡಿದು, ಲಿಂಗದ ಮುಂದೆ ಒಯ್ದು, ಕಣ್ಣುಮುಚ್ಚಿದಳು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಬಾಯಿಗೆ ಹಾಕಿಕೊಂಡಳು. ಇಷ್ಟು ದಿನವೂ ಹೀಗೇ ಮಾಡಿದ್ದಾಳೆ ಅಂತ ನನಗೆ ಹೊಳೆದದ್ದು ಆಗ. ಬಾಗಿಲಲ್ಲಿ ನಿಂತಿದ್ದೆ. ಮೂರು ಹೆಜ್ಜೆ ಅಷ್ಟೆ. ಕೈ ಹಿಡಿದು ನಿಲ್ಲಿಸಬಹುದಿತ್ತು. ನಾನು ಹಿಂದೆ ಸರಿದು ಅಡುಗೆಮನೆಗೆ ಹೋಗಿ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕೂತೆ.

ಹೊಸ ಡಬ್ಬಿ ಬರಲು ಹದಿನೈದು ದಿನ ಹಿಡಿಯಿತು. ನಡುವೆ ಇನ್ನೊಂದು ಶನಿವಾರ ಹೋಗಿಬಂದೆ, ಅದೇ ಬಾಯಿ ಮುಚ್ಚಿಕೊಂಡು. ಮೂರನೆಯ ವಾರ ಹೊಸದನ್ನು ಒಯ್ದೆ. ಸುಡುವ ಬಸ್ಸಿನಲ್ಲೂ ಅವು ಕಲ್ಲುಸಕ್ಕರೆ ಹಾಗೆ ಬಿಡಿಬಿಡಿಯಾಗಿದ್ದವು. ದೊಡ್ಡಮ್ಮ ರೊಟ್ಟಿ ಕೊಡಲು ಪಕ್ಕದ ಬೀದಿಗೆ ಹೋದಾಗ ದೇವರ ಮನೆ ಹೊಕ್ಕೆ. ಹಳೆಯ ಡಬ್ಬಿಯಲ್ಲಿ ಮಿಕ್ಕಿದ್ದನ್ನು ಕಾಗದಕ್ಕೆ ಸುರಿದು, ಖಾಲಿ ಡಬ್ಬಿಯನ್ನೂ ಸೇರಿಸಿ ಬ್ಯಾಗಿಗೆ ಹಾಕಿಕೊಂಡು, ಅದರ ಜಾಗದಲ್ಲಿ ಹೊಸ ಡಬ್ಬಿ ಇಟ್ಟೆ. ಕಳ್ಳಿಯ ಕೆಲಸವೇ ಅದು, ಬೇರೆ ಹೆಸರು ಕೊಡಲಾರೆ.

ಮಾರನೆಯ ಬೆಳಗ್ಗೆ ದೇವರ ಮನೆಯಿಂದ ಪಾತ್ರೆ ಸರಿಸುವ ಸದ್ದು ಬಂತು. ಹೋಗಿ ನೋಡಿದರೆ ದೊಡ್ಡಮ್ಮ ಪೀಠದ ಕೆಳಗೆ, ಕೊಡದ ಹಿಂದೆ ಕೈಯಾಡಿಸುತ್ತಿದ್ದಳು.

"ಹಳೇ ಡಬ್ಬಿ ನೋಡಿದ್ಯೇನೇ? ಅದರಲ್ಲಿ ಇನ್ನೂ ಇತ್ತು. ಹಿಂದಿನ ಮನೆ ಗೌರಮ್ಮನಿಗೂ ಕಾಲು ಉರಿಯಂತೆ, ಕೊಡ್ತೀನಿ ಅಂದಿದ್ದೆ."

"ಮುಗಿದಿತ್ತು ದೊಡ್ಡಮ್ಮ. ಹೊಸದು ಇಟ್ಟಿದ್ದೀನಲ್ಲ."

"ಮುಗಿದಿತ್ತಾ?" ಅವಳು ಎದ್ದು ನಿಂತಳು. "ನಿನ್ನೆ ಬೆಳಗ್ಗೆ ನಾನೇ ನೋಡಿದ್ನಲ್ಲೇ, ಐದಾರು ಇತ್ತು."

"ಇಲ್ಲ, ನಿನಗೆಲ್ಲೋ ಮರೆತಿರಬೇಕು" ಅಂದೆ.

ಅವಳು ಮತ್ತೆ ಬಗ್ಗಿ ಹುಡುಕಿದಳು. ಅಡುಗೆಮನೆಗೆ ಬಂದು ಹಿಟ್ಟಿನ ಡಬ್ಬಿಗಳನ್ನು ತೆರೆದು ನೋಡಿದಳು. ದಿಂಬು ಎತ್ತಿ ನೋಡಿದಳು. ಕಡೆಗೆ ಮಂಚದ ಮೇಲೆ ಕೂತು ನನ್ನತ್ತ ಮುಖ ಎತ್ತಿದಾಗ ಆ ಮುಖದಲ್ಲಿ ಭಯವಿತ್ತು. ನಾನು ಅವಳಲ್ಲಿ ಭಯ ನೋಡಿದವಳೇ ಅಲ್ಲ.

"ನಿಂಗೆ ಹೆಸರು ಮರೀತಿತ್ತಲ್ಲ, ಹಂಗೇ ಶುರುವಾಯ್ತೇನೇ ನಂಗೂ? ಕಣ್ಣಿಗೆ ಕಟ್ಟಿದಂಗಿದೆ, ಐದಾರು ಇತ್ತು. ತಲೆ ಹೋದ್ರೆ ನಾನು ಪೂಜೆ ಹೆಂಗ್ ಮಾಡ್ಲಿ? ನಾಳೆ ನಿನ್ ಜೊತೆ ಡಾಕ್ಟ್ರ ಹತ್ರ ಬರ್ತೀನಿ. ಸೂಜಿನೇ ಹಾಕ್ಲಿ."

ಆಗ ಹೇಳಿದೆ. ಕೂತು ಹೇಳುವ ಧೈರ್ಯ ಇರಲಿಲ್ಲ, ನಿಂತೇ ಹೇಳಿದೆ. ಮುದ್ದೆಯಾದದ್ದು, ಅಂಗಡಿಯ ಹುಡುಗಿ ಅಂದದ್ದು, ಜೆಲಾಟಿನ್ ಅಂದರೆ ಏನು ಅನ್ನುವುದು, ಡಬ್ಬಿ ಬದಲಾಯಿಸಿದ್ದು. "ನಿನ್ನ ತಲೆಗೆ ಏನೂ ಆಗಿಲ್ಲ, ಮಿಕ್ಕಿದ್ದು ನನ್ನ ಬ್ಯಾಗಲ್ಲಿದೆ" ಅಂತ ಕಾಗದದ ಪೊಟ್ಟಣ ತೆಗೆದು ತೋರಿಸಿದೆ. ದೊಡ್ಡಮ್ಮ ಎಣಿಸಿದಳು. ಆರಿತ್ತು. "ಆರು" ಅಂದಳು. ಅವಳ ಮುಖದಲ್ಲಿ ಮೊದಲು ಬಂದದ್ದು ನಿರಾಳ. ಅದು ಒಂದು ಗಳಿಗೆ ಮಾತ್ರ.

ಎದ್ದು ಬಚ್ಚಲಿಗೆ ಹೋದಳು. ಒಂದು ಸಲ ಸ್ನಾನ ಆಗಿದ್ದವಳು ಮತ್ತೆ ತಲೆಗೆ ನೀರು ಹುಯ್ದುಕೊಳ್ಳುವ ಸದ್ದು ಕೇಳಿಸಿತು. ಬಿಂದಿಗೆ ಮೇಲೆ ಬಿಂದಿಗೆ. ಒದ್ದೆ ತಲೆಯಲ್ಲೇ ಹೋಗಿ ದೇವರ ಮನೆಯಲ್ಲಿ ಕೂತಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಬೈದರೆ ಸಾಕು ಅಂತ ಕಾಯುತ್ತಿದ್ದೆ.

ಗಂಟೆಯ ಮೇಲೆ ಬಂದಳು. "ಯಾವತ್ತು ಗೊತ್ತಾಯ್ತು ನಿಂಗೆ?"

"ಮೂರು ವಾರ ಆಗ್ತಾ ಬಂತು."

"ನಾನು ಲಿಂಗಕ್ಕೆ ತೋರಿಸೋದು ನೋಡಿದ್ಯಾ?"

"ನೋಡಿದೆ."

"ನೋಡಿ?"

ಈರುಳ್ಳಿ ಹೆಚ್ಚಿದೆ ಅಂತ ಹೇಗೆ ಹೇಳಲಿ?

"ನಂಗೆ ಗೊತ್ತಿರ್ಲಿಲ್ಲ, ಶಿವ ಅದನ್ನ ಲೆಕ್ಕಕ್ಕೆ ಇಟ್ಕೊಳಲ್ಲ. ನಿಂಗೂ ಮೊದಲು ಗೊತ್ತಿರ್ಲಿಲ್ಲ, ಅದೂ ತಪ್ಪಲ್ಲ" ಅಂದಳು. ದನಿ ಏರಲಿಲ್ಲ. "ಆದ್ರೆ ಆಮೇಲೂ ತಿನ್ನಿಸ್ದೆ ಅಲ್ವೇನೇ. ತಲೆ ಕೆಟ್ಟಿದೆ ಅಂತ ನನ್ನನ್ನೇ ನಂಬಿಸೋಕೆ ಹೋದೆ. ಅದಕ್ಕೇನು ಮಾಡೋದು ನಂಗೆ ಗೊತ್ತಾಗ್ತಿಲ್ಲ."

ಊಟಕ್ಕೆ ಬಡಿಸಿದಳು. ಬಸ್ಸಿಗೆ ಹೊತ್ತಾಯಿತು ಅಂತ ನೆನಪಿಸಿದಳು. ಚಟ್ನಿಪುಡಿ ಕಟ್ಟಿಕೊಟ್ಟಳು. ಮುಂದಿನ ಶನಿವಾರ ಬಾ ಅಂತಲೂ ಅಂದಳು. ಆದರೆ ಹೊಸ ಡಬ್ಬಿಯನ್ನು ದೇವರ ಮನೆಯಿಂದ ತೆಗೆದು ಕಟ್ಟೆಯ ಮೇಲೆ, ನನ್ನ ಬ್ಯಾಗಿನ ಪಕ್ಕ ಇಟ್ಟಿದ್ದಳು. ಈಗ ಸೂಜಿ ಹಾಕಿಸಿಕೊಳ್ಳುತ್ತಾಳೆ, ಕಣ್ಣು ಬಿಗಿಮುಚ್ಚಿ.

ನನ್ನ ಕಾಲು ಬಹುಪಾಲು ವಾಪಸು ಬಂದಿದೆ. ನೆಲದ ತಂಪು, ಮರಳಿನ ಚುರುಕು ತಿಳಿಯುತ್ತದೆ. ಎಡಗಾಲಿನ ಎರಡು ಬೆರಳು ಮಾತ್ರ ಇನ್ನೂ ಮಂದ. ತಿಂಗಳಿಗೊಂದು ಇಂಜೆಕ್ಷನ್ ತಪ್ಪಿಸಿಲ್ಲ. ಗಮ್ಮಿ ತಿನ್ನುವವರಿದ್ದರೆ, ಡಬ್ಬಿಯನ್ನು ಬಿಸಿಲಿಗಿಡಬೇಡಿ. ಅದಕ್ಕೂ ಮೊದಲು ತಿರುಗಿಸಿ ಓದಿ. ಓದಿದ್ದು ಬೇರೆಯವರಿಗೂ ಸಂಬಂಧಪಟ್ಟಿದ್ದರೆ, ಅವತ್ತೇ ಹೇಳಿ.

ಹೋದ ಶನಿವಾರ ಮನೆಯಲ್ಲೇ ಮಾಡಿದ ಕೊಬ್ಬರಿ ಮಿಠಾಯಿ ಒಯ್ದಿದ್ದೆ. ದೊಡ್ಡಮ್ಮ ಮುಚ್ಚಳ ತೆಗೆದು, ಒಂದು ತುಂಡು ಕೈಗೆತ್ತಿಕೊಂಡು, ಹಾಗೇ ಹಿಡಿದುಕೊಂಡು ಕೇಳಿದಳು: "ಇದಕ್ಕೆ ಎಂತೆಂತ ಹಾಕಿದ್ದೀಯೇ?"

ನನ್ನ ಕೈಯಿಂದ ಬಂದದ್ದನ್ನು ಇಷ್ಟು ವರ್ಷದಲ್ಲಿ ಅವಳು ಎಂದೂ ಹಾಗೆ ಕೇಳಿದವಳಲ್ಲ. ಸಿಟ್ಟಿನಲ್ಲಿ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂಗಡಿಯವನನ್ನು ಕೇಳುವ ಹಾಗೆ, ಮಾಮೂಲಿಯಾಗಿ ಕೇಳಿದಳು.

"ಕೊಬ್ಬರಿ, ಸಕ್ಕರೆ, ಏಲಕ್ಕಿ, ತಟ್ಟೆಗೆ ಸವರೋಕೆ ತುಪ್ಪ" ಅಂದೆ.

"ಅಷ್ಟೇನಾ?"

"ಅಷ್ಟೇ ದೊಡ್ಡಮ್ಮ."

ನನ್ನ ಮುಖವನ್ನೇ ನೋಡಿದಳು. ಆಮೇಲೆ ಮಿಠಾಯಿಯನ್ನು ಡಬ್ಬಿಗೆ ವಾಪಸು ಇಟ್ಟು, "ಆಮೇಲೆ ತಿಂತೀನಿ" ಅಂದಳು.